ಹಂದರದಲ್ಲಿ ಯಾರ ದನಿ?

ಮದುವೆ ನಿಶ್ಚಯವಾದ ಮನೆಯವರು ಎಲ್ಲರಿಗಿಂತ ಮೊದಲು ಯಾರನ್ನು ಗೊತ್ತುಮಾಡಬೇಕು? ಹಿಂದೆ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು: ಅಡಿಗೆಯವರನ್ನು. ಪುರೋಹಿತರೋ ಮಠದ ಅಯ್ಯನವರೋ ನಾಲ್ಕು ಮುಹೂರ್ತಗಳನ್ನು ಬರೆದುಕೊಟ್ಟರೆ, ಅಡಿಗೆಯವರಿಗೆ ಬಿಡುವಿದ್ದ ಮುಹೂರ್ತವೇ ಅವುಗಳಲ್ಲಿ ಅತಿ ಶ್ರೇಷ್ಠವಾದುದೆಂದು ತೀರ್ಮಾನವಾಗುತ್ತಿತ್ತು. ಈಗ ಆ ಗೌರವ ಡಿಜೆಯವರಿಗೂ ಅಲಂಕಾರದ ಗುತ್ತಿಗೆದಾರರಿಗೂ ಸಂದಿದೆ. ಕಾಲ ಬದಲಾಯಿತೆಂದು ಮುಖ ಸಿಂಡರಿಸುವುದು ನನ್ನ ಉದ್ದೇಶವಲ್ಲ. ಹಾಡು, ಕುಣಿತ, ದೀಪಗಳ ಬೆಡಗು ಇವಿಲ್ಲದ ಮದುವೆ ರಿಜಿಸ್ಟ್ರಾರರ ಕಚೇರಿಯ ಕೆಲಸದಂತೆ ಕಾಣುವುದೆಂಬುದನ್ನು ನಾನೂ ಬಲ್ಲೆ. ಆದರೆ ಮನರಂಜನೆಗೆಂದು ಕೈಬಿಚ್ಚಿ ಸುರಿಯುವ ಹಣದಿಂದ ರಂಜನೆಗೊಳ್ಳುವವರು ಯಾರು, ಆ ಹೊತ್ತಿಗೆ ಅವರು ಎಲ್ಲಿರುತ್ತಾರೆ ಎಂಬುದನ್ನು ಮಾತ್ರ ನಮ್ಮ ಗೃಹಸ್ಥರು ಲೆಕ್ಕ ಹಾಕುತ್ತಿಲ್ಲ. ಈ ವಾರ ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ.

ಉದಾಹರಣೆಗಾಗಿ ವಿಜಯಪುರದ ಸೀಮೆಯನ್ನು ಆರಿಸಿಕೊಂಡಿದ್ದೇನೆ. 2014ರ ನವೆಂಬರಿನವರೆಗೆ ಸರಕಾರಿ ಕಾಗದಗಳಲ್ಲಿ ಬಿಜಾಪುರವೆನಿಸಿಕೊಂಡಿದ್ದ ಊರು ಇದು. ಬೆಂಗಳೂರು-ಮೈಸೂರುಗಳವರು ಛತ್ರ, ಕಲ್ಯಾಣ ಮಂಟಪ ಎನ್ನುವುದನ್ನು ಇಲ್ಲಿಯವರು ಮಂಗಲ ಕಾರ್ಯಾಲಯ ಎನ್ನುತ್ತಾರೆ, ಚಪ್ಪರಕ್ಕೆ ಹಂದರವೆನ್ನುತ್ತಾರೆ. ನಗರದಲ್ಲಿ ಮದುವೆ ಕಾರ್ಯಾಲಯದೊಳಗೆ ನಡೆದರೆ, ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿರುವ ತಿಕೋಟಾದಲ್ಲಿಯೂ ನೈರುತ್ಯದ ಬಬಲೇಶ್ವರದಲ್ಲಿಯೂ ಮನೆಯ ಮುಂದಿನ ಬಯಲು, ಮಠದ ಆವರಣ, ಹೊಲದ ಅಂಚಿನ ಖುಲ್ಲಾ ಜಾಗ ಇವುಗಳಲ್ಲಿ ಹಂದರವೆದ್ದರೂ ಮದುವೆ ನಡೆಯುತ್ತದೆ. ನಾಲ್ಕು ಗೋಡೆಗಳ ಮದುವೆಗೂ ಬಯಲಿನ ಮದುವೆಗೂ ಬೇಕಾಗುವ ಸಿದ್ಧತೆ ಬೇರೆ ಬೇರೆ. ಆದರೆ ಗಡಿಯಾರದ ಲೆಕ್ಕ ಎರಡಕ್ಕೂ ಒಂದೇ. ಆದ್ದರಿಂದ ಅದನ್ನೇ ಮೊದಲು ನೋಡೋಣ.

ಇಲ್ಲಿ ಅಕ್ಷತೆ ಬೀಳುವುದು ಸಾಮಾನ್ಯವಾಗಿ ಮಧ್ಯಾಹ್ನದ 12-30ರ ಸುಮಾರಿಗೆ. ಸಾವಿರ ಜನ ಬಂದಿದ್ದಾರೆನ್ನಿ. ಅಕ್ಷತೆಯ ಕೊನೆಯ ಕಾಳು ನೆಲಕ್ಕೆ ಬೀಳುವ ಮೊದಲೇ ಅರ್ಧದಷ್ಟು ಜನ ಊಟದ ಮನೆಯ ಬಾಗಿಲಲ್ಲಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಳಗಿನ ಬಸ್ಸಿಗೆ ಹೊರಟುಬಂದವರು, ಹಸಿದವರು. ಒಂದು ಪಂಕ್ತಿಗೆ ಇನ್ನೂರು ಜನ ಕುಳಿತರೆ ಐದು ಪಂಕ್ತಿಗಳಾದವು. ಹುಗ್ಗಿ, ಹೋಳಿಗೆ, ರೊಟ್ಟಿ, ಎಣ್ಣೆಗಾಯಿ ಬಡಿಸಿ, ಉಣಿಸಿ, ಎಲೆ ತೆಗೆದು, ಮತ್ತೆ ಎಲೆ ಹಾಕುವುದಕ್ಕೆ ಪಂಕ್ತಿಗೆ ಅರ್ಧ ಗಂಟೆಯಾದರೂ ಬೇಕು. ಒಟ್ಟು ಎರಡೂವರೆ ಗಂಟೆ. ಇದೇ ಹೊತ್ತಿನಲ್ಲಿ ವೇದಿಕೆಯ ಮೇಲೆ ವಧೂವರರನ್ನು ಹರಸುವವರ ಸಾಲು ಬೆಳೆಯುತ್ತಿರುತ್ತದೆ. ನಾಲ್ವರಿಗೆ ಒಂದು ಗುಂಪಿನಂತೆ ಇನ್ನೂರೈವತ್ತು ಗುಂಪುಗಳು, ಗುಂಪಿಗೆ ಅರ್ಧ ನಿಮಿಷ, ಅಂದರೆ ನೂರಿಪ್ಪತ್ತೈದು ನಿಮಿಷ. ಛಾಯಾಗ್ರಾಹಕ ಮಹಾಶಯರು «ಇನ್ನೊಂದು» ಎಂದರೆ ಈ ಅರ್ಧ ನಿಮಿಷ ಒಂದು ನಿಮಿಷವಾಗುತ್ತದೆ. ವಧುವಿನ ಪಾಲಿಗೆ ಊಟ ಸಂಜೆಗೆ ಹೋಗುತ್ತದೆ.

ಈಗ ಹೇಳಿ, ಒಂದು ಗಂಟೆಯಿಂದ ಮೂರು ಗಂಟೆಯವರೆಗೆ ವೇದಿಕೆಯ ಪಕ್ಕದಲ್ಲಿ ಹಾಡುವ ಆರ್ಕೆಸ್ಟ್ರಾದವರು ಯಾರಿಗಾಗಿ ಹಾಡುತ್ತಾರೆ? ಒಂದು ಪಾಲು ಊಟಕ್ಕೆ ಹೋಗಿದೆ, ಒಂದು ಪಾಲು ಸಾಲಿನಲ್ಲಿ ನಿಂತಿದೆ, ಉಳಿದವರು ಬಹುಕಾಲದ ಮೇಲೆ ಕಂಡ ಬಂಧುಗಳೊಡನೆ ಎರಡು ಮಾತನಾಡಲು ಕುರ್ಚಿಗಳನ್ನು ತಿರುಗಿಸಿಕೊಂಡಿದ್ದಾರೆ. ಆ ಎರಡು ಮಾತುಗಳನ್ನು ಕಿವಿಯ ಬಳಿ ಬಾಯಿಟ್ಟು ಕಿರುಚಬೇಕಾಗಿದೆ. ನಾವು ಹಣ ಕೊಟ್ಟು ತರಿಸಿದ ಸಂಗೀತ, ನಾವು ಪತ್ರಿಕೆ ಕೊಟ್ಟು ಕರೆಸಿದ ಅತಿಥಿಗಳ ಮಾತಿಗೆ ಅಡ್ಡ ನಿಂತಿದೆ.

ಇದರೊಡನೆ ನಮ್ಮ ಸೀಮೆಯ ಇನ್ನೊಂದು ಮನರಂಜನೆಯನ್ನೂ ಹೇಳಬೇಕು. ಹಾಗೆಂದು ಅದನ್ನು ಯಾರೂ ಕರೆಯುವುದಿಲ್ಲ, ಅಷ್ಟೆ. ಅಕ್ಷತೆಗೆ ಮೊದಲು ನಿರೂಪಕರು ಮೈಕು ಹಿಡಿದು, ಆಗಮಿಸಿರುವ ಮುಖಂಡರ ಹೆಸರುಗಳನ್ನು ಪದವಿಗಳ ಸಹಿತ ಓದಿ, ಒಬ್ಬೊಬ್ಬರಿಗೂ ಶಾಲು, ಟೊಪ್ಪಿಗೆ, ಹಾರಗಳ ಸತ್ಕಾರ ಮಾಡಿಸುವ ಕಾರ್ಯಕ್ರಮ. ಮೂವತ್ತು ಹೆಸರುಗಳಾದರೆ ಮುಕ್ಕಾಲು ಗಂಟೆ ಕಳೆಯಿತು. ಬಾಸಿಂಗ ಕಟ್ಟಿಕೊಂಡ ವರ ಬಾಗಿಲಲ್ಲಿ ಬೆವರುತ್ತಿರುತ್ತಾನೆ. ಗಣ್ಯರನ್ನು ಗೌರವಿಸಬಾರದೆಂದಲ್ಲ, ಅವರು ಬಂದಾಗ ಮನೆಯ ಹಿರಿಯರು ಎದುರುಗೊಂಡು, ಅಲ್ಲಿಯೇ ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದರೆ ಗೌರವವೂ ಆಯಿತು, ಮುಹೂರ್ತವೂ ಉಳಿಯಿತು. ಈ ಮಾತನ್ನು ನಿರೂಪಕರಿಗೆ ಹಿಂದಿನ ದಿನವೇ ಮನೆಯ ಯಜಮಾನರು ಹೇಳಬೇಕು. ಮೈಕು ಕೈಗೆ ಬಂದ ಮೇಲೆ ಯಾರ ಮಾತೂ ಅವರಿಗೆ ಕೇಳಿಸದು.

ಇನ್ನು ಸದ್ದಿನ ವಿಷಯ. ಸದ್ದನ್ನು ಕುರಿತು ಪಾಠ ಕಲಿಯಲು ವಿಜಯಪುರದವರು ದೂರ ಹೋಗಬೇಕಾಗಿಲ್ಲ. ಮುಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟ ಊರ ಪೂರ್ವಕ್ಕೆ ನಿಂತಿದೆ. ಗುಮ್ಮಟದ ಬುಡದ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರು ಆಚೆ, ಎದುರು ಗೋಡೆಯ ಬಳಿ ಕುಳಿತವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಬಾರಿಯಾದರೂ ಮರುದನಿ ಬರುತ್ತದೆ. ನೋಡಲು ಹೋದ ಮಕ್ಕಳಿಗೆ ಇದು ಪರಮಾನಂದ. ಆದರೆ ಶಾಲೆಯ ಪ್ರವಾಸವೊಂದು ಮೇಲಿರುವಾಗ ಅಲ್ಲಿ ನಿಂತು ಪಕ್ಕದವರೊಡನೆ ಒಂದು ವಾಕ್ಯ ಮಾತನಾಡಿ ನೋಡಿ. ಒಂದು ದನಿಯ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು ಮಾತೆಲ್ಲ ಗದ್ದಲವಾಗುತ್ತದೆ. ನುಣುಪಾದ ಗೋಡೆ, ಫರಸಿಯ ನೆಲ, ತಗಡಿನ ಛಾವಣಿಗಳುಳ್ಳ ಮಂಗಲ ಕಾರ್ಯಾಲಯವೆಂದರೆ ಒಂದು ಬಡ ಗೋಲಗುಮ್ಮಟವೇ. ಅಲ್ಲಿ ಮಾತು ತಿಳಿಯುತ್ತಿಲ್ಲವೆಂದು ಧ್ವನಿವರ್ಧಕದ ಕಿವಿ ಹಿಂಡಿದರೆ ಮರುದನಿಯೂ ಅಷ್ಟೇ ಹೆಚ್ಚುತ್ತದೆ. ಮಾತು ಇನ್ನೂ ತಿಳಿಯದಾಗುತ್ತದೆ.

ಇದಕ್ಕೆ ಉಪಾಯವಿದೆ. ಗೋಡೆಗಳಿಗೆ ದಪ್ಪ ಪರದೆಗಳನ್ನು ಇಳಿಬಿಡಿಸಬೇಕು, ಛಾವಣಿಯ ಕೆಳಗೆ ಹಂದರದ ಬಟ್ಟೆ ಕಟ್ಟಿಸಬೇಕು. ಬಟ್ಟೆ ಸದ್ದನ್ನು ಹೀರುತ್ತದೆ. ಅಲಂಕಾರಕ್ಕೆಂದು ಹೇಗೂ ಹಣ ಕೊಡುತ್ತೀರಿ. ಬೆನ್ನ ಹಿಂದಿನ ಬರಿಯ ಗೋಡೆಗೂ ನಾಲ್ಕು ಗಜ ಬಟ್ಟೆ ಬರಲಿ. ವೇದಿಕೆಯ ಎರಡು ಪಕ್ಕಗಳಲ್ಲಿ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸುವುದಕ್ಕಿಂತ ಸಭಾಗೃಹದ ಉದ್ದಕ್ಕೂ ಸಣ್ಣ ಪೆಟ್ಟಿಗೆಗಳನ್ನು ಇಡಿಸುವುದು ಲೇಸು. ಕಾರಣ ಸರಳವಾಗಿದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೊನೆಯ ಸಾಲಿಗೆ ಕೇಳಿಸಬೇಕೆಂದು ಒಂದೇ ಕಡೆಯಿಂದ ಒದರಿಸಿದರೆ ಮೊದಲ ಸಾಲಿನಲ್ಲಿ ಕುಳಿತವರ ಎದೆ ನಡುಗುತ್ತದೆ. ಆ ಮೊದಲ ಸಾಲಿನಲ್ಲಿ ನಾವು ಕೂರಿಸುವುದು ಯಾರನ್ನು? ಮನೆಯ ಅತ್ಯಂತ ವೃದ್ಧರನ್ನು, ಹೃದಯಕ್ಕೆ ಔಷಧಿ ತೆಗೆದುಕೊಳ್ಳುವವರನ್ನು.

ಗೋಲಗುಮ್ಮಟದ ಮುಂದೆ ಒಂದು ನಗಾರಖಾನೆಯಿದೆ. ಈಗ ಅದು ವಸ್ತುಸಂಗ್ರಹಾಲಯ. ನಗಾರಿ, ಶಹನಾಯಿಗಳವರು ಅದರ ಮೇಲ್ಭಾಗದಲ್ಲಿ ಕುಳಿತು ನುಡಿಸಬೇಕೆಂಬುದು ಅಂಥ ಕಟ್ಟಡಗಳ ಉದ್ದೇಶ. ದೊಡ್ಡ ಸದ್ದಿಗೆ ಬೇರೆಯೇ ಮನೆ, ಅದೂ ಹೆಬ್ಬಾಗಿಲ ಕಡೆಗೆ, ಮುಖ್ಯ ಕಟ್ಟಡದಿಂದ ದೂರಕ್ಕೆ. ಬಬಲೇಶ್ವರದ ಬಯಲಿನಲ್ಲಿ ಹಂದರ ಹಾಕಿಸುವವರು ಈ ನಕಾಶೆಯನ್ನು ಹಾಗೆಯೇ ಎತ್ತಿಕೊಳ್ಳಬಹುದು: ವಾದ್ಯ ಬಾಗಿಲಲ್ಲಿ, ಮಾತು ಒಳಗೆ, ಊಟ ಹಿಂದೆ.

ಕಾನೂನನ್ನೂ ತಿಳಿದಿರುವುದು ಒಳ್ಳೆಯದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ, ಮುಚ್ಚಿದ ಸಭಾಗೃಹದ ಒಳಗಿನ ಬಳಕೆಯ ಹೊರತು, ಅದನ್ನು ನುಡಿಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ಮೌನವಲಯ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ರಾತ್ರಿಯ ನಿರ್ಬಂಧವನ್ನು ಬಿಗಿಗೊಳಿಸಿತು. ಹಿಂದಿನ ದಿನದ ಮೆರವಣಿಗೆ ಹತ್ತೂವರೆಗೆ ಹೊರಟರೆ ಅದಕ್ಕೆ ವಾದ್ಯವಿಲ್ಲವೆಂದು ತಿಳಿದು ಏಳಕ್ಕೇ ಹೊರಡುವುದು ಜಾಣತನ. ಒಂದು ಸಮಾಧಾನದ ವಾರ್ತೆಯನ್ನೂ ಹೇಳುತ್ತೇನೆ: ಮದುವೆಯ ಮೆರವಣಿಗೆಯಲ್ಲಿಯೂ ಮದುವೆಗೆ ಸೇರಿದ ಸಮಾರಂಭಗಳಲ್ಲಿಯೂ ಧ್ವನಿಮುದ್ರಿತ ಹಾಡುಗಳನ್ನು ನುಡಿಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣದಂತೆ ಉಲ್ಲಂಘನೆಯಲ್ಲ. ಹಾಡಿನ ಹಕ್ಕಿನ ಶುಲ್ಕವೆಂದು ಯಾರಾದರೂ ಚೀಟಿ ಹಿಡಿದು ಬಂದರೆ ಮೊದಲು ಈ ಪ್ರಕರಣವನ್ನು ತೋರಿಸಿರಿ. ಗೋಲಗುಮ್ಮಟ, ಇಬ್ರಾಹಿಂ ರೋಜಾಗಳ ಆವರಣದಲ್ಲಿ ಆರತಕ್ಷತೆ ಮಾಡುವ ಕನಸಿದ್ದವರು ಮಾತ್ರ ಅದನ್ನು ಬಿಡುವುದೇ ಒಳ್ಳೆಯದು. ಸಂರಕ್ಷಿತ ಸ್ಮಾರಕಗಳಲ್ಲಿ ಕೇಂದ್ರ ಸರಕಾರದ ಲಿಖಿತ ಅನುಮತಿಯಿಲ್ಲದೆ ಔತಣ, ಮನರಂಜನೆಗಳಿಗೆ ಎಡೆಯಿಲ್ಲ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿರುವುದು ಬೇರೊಂದು ಸಂಗತಿ. ಬಬಲೇಶ್ವರದ ಕಡೆಯ ಒಂದು ಮದುವೆಯಲ್ಲಿ ಬೆಳಗಿನ ಸುರಗಿ ನಡೆದಿತ್ತು. ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಮುತ್ತೈದೆಯರು ಅರಿಶಿಣ ಹಚ್ಚಿ ನೀರೆರೆಯುವ ಶಾಸ್ತ್ರವದು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಾಡು ಎತ್ತಿಕೊಂಡರು. ಇಬ್ಬರು ಓರಗಿತ್ತಿಯರು ದನಿಗೂಡಿಸಿದರು. ಎರಡನೆಯ ನುಡಿ ಮುಗಿಯುವಷ್ಟರಲ್ಲಿ ಅಂಗಳದ ಪೆಟ್ಟಿಗೆಗಳು ಪರೀಕ್ಷೆಗೆಂದು ಒಮ್ಮೆಲೇ ಗುಡುಗಿದವು. ಅಜ್ಜಿ ಎದ್ದು ಹೊರಗೆ ಬಂದರು.

«ತಮ್ಮಾ, ಒಂದ್ ಗಳಿಗಿ ಅದನ್ನ ಬಂದ್ ಮಾಡ್ತೀಯೇನಪಾ? ನಾಕ್ ಹಾಡು ಅದಾವು, ಅವು ಮುಗದ್ ಮ್ಯಾಲ ಹಚ್ಚೀಯಂತ.»

ಹುಡುಗ ಒರಟನಲ್ಲ. «ಆಯ್ತಬೇ ಆಯಿ, ಆದ್ರ ನಮಗ ಹೇಳಿದ ಟೈಮ್ ಇದ ಐತಿ. ಆಮ್ಯಾಲ ಹತ್ತಕ್ಕ ಇನ್ನೊಂದ್ ಊರಿಗಿ ಹೋಗಬೇಕ್ರಿ» ಎಂದ.

ಅವನ ಮಾತು ನಿಜ. ಸುರಗಿಯ ಹೊತ್ತಿಗೆ ಹಾಡು ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುದ್ರಿತ ಕಾರ್ಯಕ್ರಮಪಟ್ಟಿಯಲ್ಲಿ ಡ್ರೋನಿಗೆ ಹೊತ್ತು ಗೊತ್ತಾಗಿತ್ತು, ಹೊಗೆಯ ಯಂತ್ರಕ್ಕೆ ಹೊತ್ತು ಗೊತ್ತಾಗಿತ್ತು. ಅಜ್ಜಿಯ ಹಾಡಿಗೆ ಮಾತ್ರ ಇರಲಿಲ್ಲ. ಹಣವಿಲ್ಲದೆ ಆಗುವ ಕೆಲಸಕ್ಕೆ ಪಟ್ಟಿಯಲ್ಲಿ ಸಾಲು ಬೀಳುವುದಿಲ್ಲ. ಅಜ್ಜಿ ಒಳಗೆ ಹೋಗಿ ಕುಳಿತರು. ಹಾಡು ಮುಂದುವರಿಯಿತೋ ಏನೋ. ಹೊರಗಿದ್ದ ನಮಗಂತೂ ಕೇಳಿಸಲಿಲ್ಲ.

ಈ ಹಾಡುಗಳು ಸಾಮಾನ್ಯವಾದವುಗಳಲ್ಲ. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಂಗಳೆಯರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ «ಗರತಿಯ ಹಾಡು» ಎಂದು ಅಚ್ಚು ಹಾಕಿಸಿದರು. ಕನ್ನಡ ಜಾನಪದದ ಆದಿಗ್ರಂಥಗಳಲ್ಲಿ ಒಂದೆಂದು ವಿಶ್ವವಿದ್ಯಾಲಯಗಳಲ್ಲಿ ಅದನ್ನು ಓದಿಸುತ್ತಾರೆ. ಆ ಹಾಡಿನ ಒಡತಿಯರ ಮೊಮ್ಮಗಳು ಈಗ ಸುರಗಿಯ ಕಟ್ಟೆಯ ಮೇಲೆ ಕುಳಿತಿದ್ದರೂ ಇರಬಹುದು. ಕೇಳಲು ಬೇಕಾದುದು ಅರ್ಧ ಗಂಟೆಯ ಮೌನ ಮಾತ್ರ.

ಆದ್ದರಿಂದ ನನ್ನ ಸಲಹೆಯೇನೆಂದರೆ, ಕಾರ್ಯಕ್ರಮಪಟ್ಟಿಯನ್ನು ಬರೆಯುವಾಗ ಹಣ ಕೊಡದೆ ಸಿಗುವ ಮನರಂಜನೆಗಳನ್ನು ಮೊದಲು ಬರೆಯಿರಿ. ಸುರಗಿಗೆ ಅರ್ಧ ಗಂಟೆ, ಆ ಹೊತ್ತು ವಿದ್ಯುತ್ ಪೆಟ್ಟಿಗೆಗಳು ಬಂದ್. ಕುಂಬಾರರ ಮನೆಯಿಂದ ಬಣ್ಣದ ಐರಾಣಿ ಗಡಿಗೆಗಳನ್ನು ತರುವಾಗ ವಾದ್ಯ ಬೇಕು. ಅದಕ್ಕೆ ಕರಡಿ ಮಜಲಿನವರನ್ನೇ ಹೇಳಿರಿ. ಕರಡಿಯೆಂಬ ಚರ್ಮವಾದ್ಯ, ತಾಳ, ಸನಾದಿಗಳ ಈ ಮೇಳ ನಮ್ಮ ಉತ್ತರದ ಜಿಲ್ಲೆಗಳ ಸೊತ್ತು. ಸನಾದಿಯೆಂದರೆ ಶಹನಾಯಿ, 1977ರ «ಸನಾದಿ ಅಪ್ಪಣ್ಣ» ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಡೆಯುತ್ತ ನುಡಿಸುವ ಮೇಳಕ್ಕೆ ವಿದ್ಯುತ್ತು ಬೇಡ, ಲಾರಿ ಬೇಡ. ಓಣಿ ತಿರುಗಿದೊಡನೆ ಸದ್ದು ತಾನೇ ಇಳಿಯುತ್ತದೆ, ಆಚೆಮನೆಯ ಮಗು ಮತ್ತೆ ಮಲಗುತ್ತದೆ. ಇನ್ನು ಒಡಪು. ಮದುಮಕ್ಕಳು ಪರಸ್ಪರರ ಹೆಸರನ್ನು ಪ್ರಾಸದಲ್ಲಿ ಬೆಸೆದು ಹೇಳಬೇಕೆಂಬ ಈ ಆಟಕ್ಕೆ ಒಳ್ಳೆಯ ಮೈಕು ಮತ್ತು ಹದಿನೈದು ನಿಮಿಷ ಕೊಡಿರಿ. ನಾಚುತ್ತ ನಿಂತ ವಧು ಒಮ್ಮೆಲೇ ಚುರುಕಾದ ಒಡಪೊಂದನ್ನು ಹಾಕಿದಾಗ ಬೀಗರ ಪಾಳೆಯದಲ್ಲಿ ಏಳುವ ನಗೆಯನ್ನು ಯಾವ ಬಾಡಿಗೆಯ ಹಾಸ್ಯಗಾರನೂ ಎಬ್ಬಿಸಲಾರನು. ಬೀಗಿತಿಯೂ ಒಂದು ಒಡಪು ಹಾಕಿಬಿಟ್ಟರೆ ಆ ಸಂಬಂಧ ಗಟ್ಟಿಯಾಯಿತೆಂದೇ ತಿಳಿಯಿರಿ.

ಡಿಜೆಗೆ ಜಾಗವಿಲ್ಲವೇ ಎಂದು ತರುಣರು ಕೇಳುತ್ತಾರೆ. ಉಂಟು. ಹಿಂದಿನ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಅವರ ಕಾಲ. ಆಗ ಊಟದ ಅವಸರವಿಲ್ಲ, ಮುಹೂರ್ತದ ಆತಂಕವಿಲ್ಲ. ಕುಣಿಯುವವರಿಗೆ ಕುಣಿಯುವುದೊಂದೇ ಕೆಲಸ. ಮಧ್ಯಾಹ್ನ ಸಾವಿರ ಜನರ ಮೇಲೆ ಹೇರುವುದಕ್ಕಿಂತ ಸಂಜೆ ನೂರು ಜನರಿಗೆ ಬೇಕಾದುದನ್ನು ಕೊಡುವುದು ಎರಡು ಪಕ್ಷಕ್ಕೂ ಹಿತ.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿ ಸಿಗುತ್ತದೆ. ಅಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ತೊಡಗಿದ. ಸಂಗೀತ ಮಹಲಿನ ಎತ್ತರದ ಕಮಾನುಗಳು ಇಂದಿಗೂ ಪಾಳುಬಿದ್ದು ನಿಂತಿವೆ. ಸರಸ್ವತಿ, ಗಣಪತಿಯರನ್ನು ನೆನೆದು ಹಾಡು ಕಟ್ಟಿದ ಸುಲ್ತಾನನಾತ. ಮನರಂಜನೆಯ ಏರ್ಪಾಡಿನಲ್ಲಿ ಅವನಿಗೆ ಕಲಿಸುವವರಿರಲಿಲ್ಲ. 1604ರಲ್ಲಿ ತನ್ನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟು, ಚರಿತ್ರೆಕಾರ ಫಿರಿಸ್ತಾನನ್ನೂ ದಿಬ್ಬಣದ ಜೊತೆಗೆ ಕಳುಹಿಸಿದ. ವರನೋ ಕುಡಿತದ ದಾಸ; 1605ರಲ್ಲಿ ಅದರಿಂದಲೇ ತೀರಿಕೊಂಡ. ರಾಜಕೀಯದ ಮದುವೆ, ಹುಡುಗಿಯ ತಂದೆಗೆ ಆಯ್ಕೆಯಿರಲಿಲ್ಲ ಎನ್ನಬಹುದು. ನಮಗೆ ಆಯ್ಕೆಯಿದೆ, ಆದರೂ ವರನ ವಿಚಾರಣೆಗೆ ಎರಡು ದಿನ, ವೇದಿಕೆಯ ಹಿಂದಿನ ಬಣ್ಣದ ವಿಚಾರಣೆಗೆ ಎರಡು ತಿಂಗಳು ಕೊಡುವ ಮನೆಗಳನ್ನು ಕಂಡಿದ್ದೇನೆ.

ಬಯಲಿನ ಹಂದರದವರಿಗೆ ಕೆಲವು ಮಾತುಗಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ; ಅಂಥ ದಿನಗಳ ಸಂಜೆಯೇ ಧೂಳು ಎಬ್ಬಿಸಿಕೊಂಡು ಬಿರುಗಾಳಿ, ಗುಡುಗಿನ ಮಳೆ ಬರುವುದು. ದೀಪಗಳನ್ನು ತೂಗಹಾಕುವ ಕಬ್ಬಿಣದ ಚೌಕಟ್ಟು, ಎಲ್‌ಇಡಿ ಪರದೆ ಇವು ಗಾಳಿಗೆ ಹಾಯಿಯಂತೆ ಉಬ್ಬಿ ಮುಗ್ಗರಿಸುವ ವಸ್ತುಗಳು. ಬುಡಕ್ಕೆ ಮರಳುಚೀಲದ ಭಾರವಿದೆಯೇ, ನಾಲ್ಕು ಕಡೆಗೂ ಹಗ್ಗವಿದೆಯೇ ಎಂದು ಸ್ವತಃ ಕೈಯಿಂದ ಎಳೆದು ನೋಡಿರಿ. ಮಕ್ಕಳು ಓಡಾಡುವ ಕಡೆ ಇದರಲ್ಲಿ ದಾಕ್ಷಿಣ್ಯ ಸಲ್ಲದು. ವಿದ್ಯುತ್ತಿನ ಲೆಕ್ಕ ಹೀಗೆ: 250 ವಾಟಿನ ಕೂಲರುಗಳು ಹನ್ನೆರಡಾದರೆ 3 ಕಿಲೋವಾಟು, ಧ್ವನಿಗೆ ನಾಲ್ಕು, ದೀಪ, ಪರದೆಗಳಿಗೆ ಐದು, ಅಡಿಗೆಮನೆಯ ರುಬ್ಬುವ ಯಂತ್ರ, ನೀರೆತ್ತುವ ಪಂಪುಗಳಿಗೆ ಎರಡು. ಹದಿನಾಲ್ಕಾಯಿತು. 25 ಕೆವಿಎ ಜನರೇಟರು ಸುಮಾರು 20 ಕಿಲೋವಾಟು ಕೊಡುತ್ತದೆ. ಅದಕ್ಕಿಂತ ಚಿಕ್ಕದನ್ನು ತಂದರೆ ಅಕ್ಷತೆಯ ಗಳಿಗೆಯಲ್ಲಿಯೇ ದೀಪ ಕಣ್ಣು ಮುಚ್ಚೀತು. ಅದನ್ನು ಊಟದವರ ಮೂಗಿಗೆ ಹೊಗೆ ಬಾರದಂತೆ ಗಾಳಿಯ ಕೆಳಬದಿಗೆ ನಿಲ್ಲಿಸಬೇಕು.

ತಿಕೋಟಾದ ಸುತ್ತ ದ್ರಾಕ್ಷಿತೋಟಗಳವರನ್ನು ಕರೆಯುವವರು ಇನ್ನೊಂದನ್ನು ನೆನಪಿಡಬೇಕು. ಫೆಬ್ರುವರಿಯಿಂದ ಏಪ್ರಿಲಿನವರೆಗೆ ಹಣ್ಣು ಕೊಯ್ದು, ಶೆಡ್ಡುಗಳಲ್ಲಿ ಹರಡಿ, ಎರಡು-ಮೂರು ವಾರ ಒಣಗಿಸಿ ಒಣದ್ರಾಕ್ಷಿ ಮಾಡುವ ಕಾಲ. ಅದರ ಬೆನ್ನಿಗೇ ಬಳ್ಳಿಯ ಚಾಟ್ನಿ. ವರ್ಷದ ದುಡಿಮೆ ಶೆಡ್ಡಿನಲ್ಲಿರುವಾಗ, ಮೋಡ ಕಂಡರೆ ಎದೆ ಹಾರುವಾಗ, ಅವರು ಎರಡು ದಿನ ನಿಮ್ಮ ಸಂಗೀತ ಸಂಜೆಗೆ ಕುಳಿತಾರೆಯೇ? ಅಂಥ ಬೀಗರಿದ್ದರೆ ಎಲ್ಲವನ್ನೂ ಒಂದೇ ಹಗಲಿಗೆ ಅಡಕಮಾಡಿ, ಮೂರರೊಳಗೆ ಅವರನ್ನು ಬೀಳ್ಕೊಡಿರಿ. ಬೇಸರಪಟ್ಟುಕೊಳ್ಳದೆ ಮತ್ತೊಮ್ಮೆ ಬರುತ್ತಾರೆ.

ಗುತ್ತಿಗೆಯ ಮಾತು ಬಾಯಲ್ಲಿ ಬೇಡ, ಕಾಗದದ ಮೇಲಿರಲಿ. ಎಷ್ಟು ಪೆಟ್ಟಿಗೆ, ಎಷ್ಟು ದೀಪ, ಯಾವ ಗಂಟೆಗೆ ಶುರು, ಯಾವ ಗಂಟೆಗೆ ಮುಕ್ತಾಯ, ಪರೀಕ್ಷೆ ಯಾವಾಗ, ಮಳೆ ಬಂದರೆ ಹಣವೇನು, ಹಂದರ ಬಿಚ್ಚುವುದು ಯಾರ ಹೊಣೆ ಎಂಬುದೆಲ್ಲ ಬರೆದಿರಬೇಕು. ಹಣವನ್ನು ಮೂರು ಪಾಲು ಮಾಡಿ, ಕೊನೆಯ ಪಾಲನ್ನು ಕೆಲಸ ಮುಗಿದ ಮೇಲೆ ಕೊಡುವುದು ಲೋಕರೂಢಿ. ಇವೆಂಟಿನವರು ತೋರಿಸುವ ಬಣ್ಣದ ಚಿತ್ರಗಳ ಪುಸ್ತಕದಿಂದ ಒಂದನ್ನು ಆರಿಸಿ «ಇದೇ ರೀತಿ» ಎಂದುಬಿಡುವ ಮೊದಲು, ಆ ಚಿತ್ರದ ಸಭಾಗೃಹ ಎಷ್ಟು ದೊಡ್ಡದು ಎಂದು ಕೇಳಿರಿ. ಸಾಲ ಮಾಡಿ ದೀಪ ಹಚ್ಚಿಸುವವರಿಗೆ ನಾನು ಹೇಳಬಹುದಾದುದು ಇಷ್ಟೆ: ಮನರಂಜನೆಯ ಮೊತ್ತವನ್ನು ಅಡಿಗೆಯ ಮೊತ್ತದ ಪಕ್ಕದಲ್ಲಿ ಬರೆದು, ಮನೆಯ ಹೆಂಗಸರ ಮುಂದಿಡಿ. ಯಾವ ಸಾಲನ್ನು ಹೊಡೆದುಹಾಕಬೇಕೆಂಬುದನ್ನು ಅವರು ನಿಮಿಷದಲ್ಲಿ ಹೇಳುತ್ತಾರೆ.

ಮದುವೆಯ ದಿನ ಯಜಮಾನರ ಕೈಯಲ್ಲಿ ಗಡಿಯಾರ ಇರಬಾರದು. ಅಳಿಯನಾಗಲಿ, ಸೋದರಮಾವನಾಗಲಿ, ಸಿಟ್ಟು ಬಾರದ ಒಬ್ಬರನ್ನು ಆರಿಸಿ ಪಟ್ಟಿಯನ್ನು ಅವರಿಗೆ ಒಪ್ಪಿಸಿರಿ; ಡಿಜೆ, ಛಾಯಾಗ್ರಾಹಕ, ನಿರೂಪಕ, ಕರಡಿಯವರು ಎಲ್ಲರೂ ಅವರೊಬ್ಬರನ್ನೇ ಕೇಳಲಿ. ಅವರ ಮೊದಲ ಕೆಲಸವೂ ಪಟ್ಟಿಯಲ್ಲಿಯೇ ಇರಲಿ: ಬೆಳಗಿನ ಎಂಟಕ್ಕೆ ಮೇಳದವರಿಗೆ, ಪೆಟ್ಟಿಗೆ ಹೊರುವ ಹುಡುಗರಿಗೆ ಉಪ್ಪಿಟ್ಟು, ಚಹಾ, ಮಧ್ಯಾಹ್ನ ಮೊದಲ ಪಂಕ್ತಿಯಲ್ಲಿಯೇ ಅವರಿಗೂ ಎಲೆ. ಊದುವವರು ಹಸಿದಿದ್ದರೆ ಸನಾದಿಯ ದನಿ ಎರಡು ಗಂಟೆಗೇ ಬಾಡುತ್ತದೆ.